ನಿವ್ವಳ

ವಾರದ ಆರು ದಿನ ಕಪನೂರಿನ ದಾಲ್ ಮಿಲ್ಲಿನಲ್ಲಿ
ಲಾರಿ ತೂಗುವವನು ನಾನು.
ತುಂಬಿ ಬರುತ್ತದೆ, ಬರೆದುಕೊಳ್ಳುತ್ತೇನೆ.
ಖಾಲಿಯಾಗಿ ಹೊರಡುತ್ತದೆ, ಬರೆದುಕೊಳ್ಳುತ್ತೇನೆ.
ಅದರೊಳಗೆ ಇದನ್ನು ಕಳೆದರೆ ತೊಗರಿ.
ಡ್ರೈವರನ ಮುಖಕ್ಕೆ ಆ ಚೀಟಿಯಲ್ಲಿ ಜಾಗವಿಲ್ಲ.

ಐತವಾರ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು
ಸೂಪರ್ ಮಾರ್ಕೆಟ್ಟಿಗೆ ಬರುತ್ತೇನೆ.
ಸೆಕೆಂಡ್ ಹ್ಯಾಂಡು, ಮದುವೆ ಫೋಟೋದ ಗುಂಡೇರಾವ ಮಾರಿದ್ದು;
ಲೆನ್ಸಿನ ಅಂಚಿಗೆ ಇನ್ನೂ ಯಾರದೋ ಅರಿಶಿಣ.

ಮೊದಮೊದಲು ಎಲ್ಲರೂ ಹೊಡೆಯುವುದನ್ನೇ ಹೊಡೆದೆ:
ಗುಮ್ಮಟ, ಪಾರಿವಾಳ, ಬಿಳಿ ಗಡ್ಡ, ಬೀಡಿಯ ಹೊಗೆ.
ಚಂದ ಬಂದವು.
ಅಷ್ಟು ಚಂದ ಬಂದದ್ದಕ್ಕೇ ಒಂಥರಾ ನಾಚಿಕೆ,
ಅಂಗಡಿಯವ ಚಿಲ್ಲರೆ ಹೆಚ್ಚು ಕೊಟ್ಟಾಗ
ಸುಮ್ಮನೆ ಜೇಬಿಗಿಳಿಸಿದ ಹಾಗೆ.

ಆಮೇಲೆ ಲಾಲ್‌ಬೀ ಕಂಡಳು.
ಬಳೆ ಅಂಗಡಿ ಸಾಲಿನ ಕೊನೆಗೆ, ಮುಚ್ಚಿದ ಶಟರಿನ ಮುಂದೆ
ಗೋಣಿಚೀಲ ಹಾಸಿ, ಮೇಲೊಂದು ತೂಕದ ಮಷೀನು.
ಗಾಜು ಸೀಳಿದೆ. ಮುಳ್ಳು ನಡುಗಿ ನಡುಗಿ ನಿಲ್ಲುತ್ತದೆ.
ಒಬ್ಬರಿಗೆ ಎರಡು ರೂಪಾಯಿ.

ಮಷೀನು ಏರಿದವರು ಕ್ಯಾಮೆರಾ ನೋಡುವುದಿಲ್ಲ.
ಚಪ್ಪಲಿ ಬಿಡುತ್ತಾರೆ, ದರ್ಗಾದ ಮೆಟ್ಟಿಲಿಗೆ ಬಂದಂತೆ,
ಕೈಯೊಳಗಿನದನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ,
ಉಸಿರು ಹಿಡಿಯುತ್ತಾರೆ, ಉಸಿರಿಗೂ ಭಾರವಿದ್ದೀತೆಂದು,
ತಲೆ ತಗ್ಗಿಸುತ್ತಾರೆ.
ಸಂಜೆ ಐದರ ಬಿಸಿಲು ಅಡ್ಡ ಬಿದ್ದಿರುತ್ತದೆ.
ಆ ತಗ್ಗಿದ ತಲೆಗೆ ನಾನು ಕಾಯುತ್ತೇನೆ.

ಕರಿ ಕೋಟು ಮಡಚಿ ಗೆಳೆಯನ ಹೆಗಲಿಗೆ ಹಾಕಿ
ಏರಿದ ವಕೀಲ ಒಬ್ಬ,
ಮುಳ್ಳು ನಿಂತ ಮೇಲೂ ಕೋಟನ್ನೇ ಸಿಟ್ಟಿನಿಂದ ನೋಡಿದ.
ಹಮಾಲ ಖಾಜಪ್ಪ, ಕ್ವಿಂಟಲ್ ಹೊರುವ ಬೆನ್ನು,
ತಾನು ಬರೀ ನಲವತ್ತೊಂಬತ್ತೆಂದು ಕೇಳಿ
ಮಷೀನನ್ನು ಕಾಲಿನಿಂದ ತಟ್ಟಿ ನೋಡಿದ.
ಬುರ್ಖಾದ ಹುಡುಗಿ ಏರಿದಾಗ
ಕಾಲ ಬೆರಳುಗಳು ನಕ್ಕದ್ದು ಮಾತ್ರ ಕಂಡಿತು.
ಆ ಚಿತ್ರ ಹೊಡೆಯಲಿಲ್ಲ.
ಸುಳ್ಳು. ಹೊಡೆದೆ. "ಭಾಯಿ, ಅದು ತೆಗೀರಿ" ಅಂದಳು.
ಅವಳ ಎದುರಿಗೇ ತೆಗೆದೆ.

ಮತ್ತೆ, ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಏರಿದ ಒಬ್ಬ ಪೋರ.
ಇಳಿದ. ತಮ್ಮನನ್ನು ಗೋಣಿಯ ಮೇಲೆ ಕೂರಿಸಿ
ಒಬ್ಬನೇ ಏರಿದ. ಬಾಯಲ್ಲೇ ಕಳೆದ.
ಎರಡು ರೂಪಾಯಿಗೆ ಇಬ್ಬರು.
ಲಾಲ್‌ಬೀ ಆಗ ಬೇಕಂತಲೇ ಕರೆಂಟಿನ ತಂತಿಯ ಕಾಗೆ ನೋಡುತ್ತಿದ್ದಳು.
ನನ್ನ ಹನ್ನೆರಡು ವರ್ಷದ ನೌಕರಿ
ಆ ಪೋರನ ತುಟಿಯ ಮೇಲೆ ಒಂದು ಗಳಿಗೆ ಅಲ್ಲಾಡಿತು.

ಹೋದ ಐತವಾರ ಅವಳೇ ಕರೆದಳು.
"ಏ ಫೋಟೋದಾಂವ, ನಾಕು ತಿಂಗಳಾತು ನೋಡ್ಲತ್ತೀನಿ.
ಊರ ಮಂದಿ ಹತ್ತಿ ಇಳದ್ರು, ನೀ ಒಂದಿನಾ ಹತ್ತಲಿಲ್ಲ.
ಹತ್ತು."

ಹತ್ತಿದೆ. ಅರವತ್ತೆರಡು.
ರೂಢಿ ಎಲ್ಲಿ ಬಿಡುತ್ತದೆ?
ಇಳಿದು, ಕ್ಯಾಮೆರಾ ಅವಳ ಮಡಿಲಿಗೆ ಹಾಕಿ
ಮತ್ತೆ ಹತ್ತಿದೆ.
ಅರವತ್ತೆರಡು.

"ಇದಕ್ಕ ಭಾರನೇ ಇಲ್ಲಲ್ಲೋ!" ಅಂದಳು ಲಾಲ್‌ಬೀ,
ಮಡಿಲಲ್ಲಿ ಅದನ್ನು ಮಗುವಿನ ಹಾಗೆ ಕುಲುಕುತ್ತ.
"ಇಷ್ಟು ಮಂದಿನ್ನ ಹಿಡದು ಹಾಕೀದಿ ಇದರಾಗ."
ಮಷೀನು ಹಳೇದು, ಸಣ್ಣ ತೂಕ ಅದಕ್ಕೆ ತಿಳಿಯೋದಿಲ್ಲ, ಅಂದೆ.
ಲಾರಿ ಡ್ರೈವರುಗಳು ದಿನಾ ನನಗೆ ಹೇಳುವ ಮಾತು ಅದು.

"ನಾಕು ರೂಪಾಯಿ ಕೊಡು. ಎರಡು ಸಲ ಹತ್ತೀದಿ."
ಆ ಹುಡುಗನಿಗೆ ಬಿಟ್ಟಿದ್ದೆಯಲ್ಲ?
"ಆಂವ ತಮ್ಮನ್ನ ಹೊತ್ತಿದ್ದ," ಅಂದಳು.

ಹತ್ತರ ನೋಟು ಕೊಟ್ಟೆ. ಚಿಲ್ಲರೆ ಇರಲಿಲ್ಲ.
ಉಳಿದ ಆರು ರೂಪಾಯಿ ಇನ್ನೂ ಅವಳ ಹತ್ತಿರವೇ ಇದೆ,
ನಾನು ಕಳೆದು ನೋಡದ ಲೆಕ್ಕ ಅದೊಂದೇ.