ಎರವಲು ಮೂಗು

"ಆ ವಾಸನೆ ಹೋದರೆ ಇನ್ನೆರಡು ಲಕ್ಷ ಜಾಸ್ತಿ" ಅಂದ
ಬ್ರೋಕರ್ ಪಿಳ್ಳಪ್ಪ, ಮೂಗಿನ ಮೇಲಿನ ಕರ್ಚೀಫು ಇಳಿಸದೆ.
ಯಾವ ವಾಸನೆ?
ನಾನೂ ತಂಗಿಯೂ ಮುಖ ಮುಖ ನೋಡಿಕೊಂಡೆವು.

ನೂಲು ಬಿಚ್ಚುವುದು ನಿಂತು ಏಳು ವರ್ಷ.
ಬೇಸಿನ್ನು ಗುಜರಿಗೆ ಹೋಯಿತು, ಒಲೆ ಕಿತ್ತೆವು,
ತಂಗಿ ಅಮ್ಮನ ಹಳೇ ಸೀರೆ ಎತ್ತಿ ಕಟ್ಟಿ
ಮಸಿ ಹಿಡಿದ ಜಂತೆ ಉಜ್ಜಿದಳು,
ಗೋಡೆಗೆ ಎರಡು ಕೋಟ್ ಪ್ರೈಮರ್,
ಮೂಲೆಗೆಲ್ಲ ಬೇವಿನ ಹೊಗೆ.
ಬಾಗಿಲ ಹಿಂದೆ ಅಪ್ಪ ಗೀಚಿದ್ದ ಗೂಡಿನ ಲೆಕ್ಕ
(ಪೆನ್ಸಿಲ್ಲು, ಕೂಡಿದ್ದು ತಪ್ಪು)
ಅದರ ಮೇಲೂ ಬಳಿದಾಯಿತು.

ಹೋಯಿತೋ ಇಲ್ಲವೋ ಗೊತ್ತಾಗುವುದು ಹೇಗೆ?
ಬೆಂದ ಹುಳದ ಹಬೆಯಲ್ಲೇ ಬೆಳೆದ ಮೂಗು ನಮ್ಮವು.
ಶಿಡ್ಲಘಟ್ಟಕ್ಕೆ ಬಂದು ಹದಿನೈದು ದಿನವೂ ಆಗದ
ಎದುರುಮನೆ ಟೀಚರ್ ಮಗಳನ್ನು ಕರೆತಂದೆವು:
ಧೃತಿ, ಆರು ವರ್ಷ, ಮುಂದಿನ ಹಲ್ಲಿಲ್ಲ.

ಕೋಣೆಕೋಣೆಯಲ್ಲೂ ಕಣ್ಣು ಮುಚ್ಚಿ ನಿಂತು
ಮೊಲದ ಹಾಗೆ ಮೂಗರಳಿಸಿ
"ಪೇಂಟು... ಪೇಂಟು... ಇಲ್ಲೂ ಪೇಂಟೇ" ಅಂದಳು.
ಗೆದ್ದೆವು. ಅವಳ ಕೈಗೊಂದು ಕಡಲೆಮಿಠಾಯಿ.

ಹೊಸಿಲು ದಾಟಿದವಳು ಏನೋ ನೆನಪಾದಂತೆ
ಹಿಂದೆ ಬಂದು,
ತಂಗಿಯ ಸೆರಗಿಗೆ ಮೂಗು ಹಚ್ಚಿ
"ಇಲ್ಲಿದೆ" ಅಂದಳು.

ಆ ಸೀರೆ ಒಗೆಯಲಿಲ್ಲ.
ಪಿಳ್ಳಪ್ಪನಿಗೆ ಹೇಳಲೂ ಇಲ್ಲ.