ತೊರಕೆ

ಬೆಳಿಗ್ಗೆ ಐದೂವರೆಗೆ ಕಾಸರಕೋಡ ಬಿಟ್ಟೆವು,
ಮೀನು ಹೇರುವ ಟೆಂಪೊ, ಹದಿನಾಲ್ಕು ಹುಡುಗರು, ಎರಡು ಚೆಂಡು,
ಮತ್ತು ನಾನು.
ಎಷ್ಟು ನೀರು ಹೊಯ್ದರೂ ಹಲಗೆಗೆ ಬಂಗಡೆಯದೇ ವಾಸನೆ.
ಕೋಚ್ ಇನಾಸನಿಗೆ ಮುಂದಿನ ಸೀಟು, ನನಗೆ ಖಾಲಿ ಐಸ್ ಪೆಟ್ಟಿಗೆ.
"ನೋಡುವವರು ಇಷ್ಟೇಯೋ?" ಎಂದ ಡ್ರೈವರನಿಗೆ
"ಸಾಕು" ಎಂದೆ.

ಬಿಣಗಾದ ತಿರುವಿನಲ್ಲಿ ಸೆಂಟರ್ ಫಾರ್ವರ್ಡ್ ವಾಂತಿ ಮಾಡಿದ,
ಪಾಪ, ಅಂಕೋಲೆಯಲ್ಲಿ ಆರು ಇಡ್ಲಿ ತಿಂದಿದ್ದ.
ಕಾಳಿಯ ಮೇಲೆ ಟೆಂಪೊ ನಿಧಾನಿಸಿತು.
ಹಳೆಯ ಸೇತುವೆ ಇದ್ದಲ್ಲಿ ಈಗ ಬರೀ ಗಾಳಿ,
ಆದರೂ ಎಲ್ಲರೂ ಅತ್ತಲೇ ನೋಡಿದರು.
ನಾನು ನೋಡಲಿಲ್ಲ. ಅದರ ಮೇಲಿಂದಲೇ ಒಂದು ಸಂಜೆ
ಒಂದು ಟ್ರಂಕು, ಒಬ್ಬ ಹೊಸ ಗಂಡ, ನಾನು
ತೆಂಕಣಕ್ಕೆ ಹೋದದ್ದು.

ಮಾಜಾಳಿಯ ಮೈದಾನಕ್ಕೆ ಮೂರು ಕಡೆ ಗಾಳಿಮರ,
ನಾಲ್ಕನೆಯ ಕಡೆ ಸಮುದ್ರ.
ಗೋಲಿಗೆ ಕಟ್ಟಿದ್ದು ಯಾವುದೋ ಕಾಲದ ರಂಪಣಿ ಬಲೆ,
ಹರಿದಲ್ಲಿ ಹಸಿರು ನೈಲಾನಿನ ತೇಪೆ.
ಆ ಗಂಟು ಗೊತ್ತು ನನಗೆ. ಅಣ್ಣನ ಎಡಗೈ ಗಂಟು.
ಅಣ್ಣ ಇರಲಿಲ್ಲ, ಬೋಟು ಹತ್ತಿ ನಾಲ್ಕು ದಿನವಾಯಿತಂತೆ.

ನೆರಳೆಲ್ಲ ಅವರಿಗೆ.
ಬಂದವರಿಗೆ ಬಿಸಿಲು: ನಾನು ಹುಟ್ಟುವ ಮೊದಲಿನ ಕಾಯಿದೆ.
ಸೋಡಾ ಮಾರುವ ಕುಸ್ತಾನ್‌ಬಾಯಿ ಗುರುತು ಹಿಡಿಯಲಿಲ್ಲ.
ಊರವರಿಗೆ ಹತ್ತು, ನನಗೆ ಹದಿನೈದು.
ಕೊಟ್ಟೆ. ಬಾಯಿ ಬಿಟ್ಟು ಚೌಕಾಸಿ ಮಾಡಿದ್ದರೆ
ಎರಡೇ ಮಾತಿಗೆ ಸಿಕ್ಕಿಬೀಳುತ್ತಿದ್ದೆ.

ಅರ್ಧ ಆಟಕ್ಕೆ ಸೊನ್ನೆ, ಸೊನ್ನೆ.
ಆಮೇಲೆ ನನ್ನ ಮಗ ಸಮುದ್ರದ ಕಡೆಯ ಗೋಲಿಗೆ ಬಂದ,
ನಾನೂ ಅವನ ಬೆನ್ನ ಹಿಂದಿನ ಕಲ್ಲುಕಟ್ಟೆಗೆ ಬಂದೆ.
ಅಲ್ಲಿ ಒಬ್ಬಳು ಹುಡುಗಿ. ಹತ್ತು ವರ್ಷ ಇದ್ದೀತು. ಒಂದೇ ಚಪ್ಪಲಿ.
ಗಂಟಲು ಮಾತ್ರ ಬಂದರಿನ ಸೈರನ್ನು.

"ಏ ಹಳದಿ ಅಂಗೀ! ನಿನ್ನ ಕೈಲಿ ಒಂದು ತಾರ್ಲಿಯೂ ನಿಲ್ಲೂದಿಲ್ಲ!"

ಇದೇ ಕಟ್ಟೆ. ಇದೇ ಕಲ್ಲು.
ಚೆಂಡಿಯಾದವನು, ಕಾಣಕೋಣದವನು, ಎಷ್ಟು ಕೀಪರುಗಳ ಬೆನ್ನಿಗೆ
ಹುಣಸೆಬೀಜ ಎಸೆದಿದ್ದೇನೆ ಇಲ್ಲಿ ಕೂತು!
ಒಬ್ಬ ಅತ್ತೂ ಇದ್ದ. ಮೀಸೆ ಬಂದವನು.

ಸುಮ್ಮನಿರಬೇಕಿತ್ತು.
ಆದರೆ ಹುಡುಗಿ ತಪ್ಪು ಬಯ್ಯುತ್ತಿದ್ದಳು.
"ತಾರ್ಲಿ ಸಣ್ಣದು ಮಗಾ, ಯಾರ ಕೈಯಿಂದಲೂ ಜಾರ್ತದೆ.
ಬಾಲ ನೋಡಿ ತೊರಕೆ ಬಿಟ್ಟವನೇ, ಅನ್ನು.
ಆಗ ನಾಟ್ತದೆ."

ಕಾಲಿನಿಂದ ತಲೆಯವರೆಗೆ ನೋಡಿದಳು.
"ನೀನು ಯಾರ ಕಡೆ?"
"ಆ ಹಳದಿ ಅಂಗಿ ಒಗೆಯುವವಳು."
ಸರಿದು ಜಾಗ ಕೊಟ್ಟಳು. ನನ್ನ ಸೋಡಾದಲ್ಲಿ ಎರಡು ಗುಟುಕು ಕುಡಿದಳು.
ಆಮೇಲೆ ಉಸಿರೆಳೆದು, ಒಂದಕ್ಷರ ತಪ್ಪದೆ,
ಕೂಗಿದಳು.

ಮಗ ತಿರುಗಿದ.
ಆ ಬೈಗುಳ ಬಯ್ಯುವವಳು ಅವನ ಪಾಲಿಗೆ ಲೋಕದಲ್ಲಿ ಒಬ್ಬಳೇ:
ಕೊಡ ಬೀಳಿಸಿದಾಗ,
ಪರೀಕ್ಷೆ ತಪ್ಪಿಸಿ ಧಕ್ಕೆಯಲ್ಲಿ ಸಿಕ್ಕಿದಾಗ,
ಕೆಲಸ ಕೇಳಲು ಹೋಗಿ ಬಾಗಿಲಿನಿಂದಲೇ ವಾಪಸು ಬಂದಾಗ.
ಬಲೆಯ ಕಣ್ಣುಗಳಲ್ಲಿ ಅವನ ಕಣ್ಣು ನನ್ನನ್ನು ಹುಡುಕಿತು,
ಹಿಡಿಯಿತು,
ಅಷ್ಟರಲ್ಲಿ ಚೆಂಡು ಅವನ ಕಿವಿಯ ಪಕ್ಕದಿಂದ ಹಾದು
ಅಣ್ಣನ ಗಂಟಿಗೆ ಬಡಿಯಿತು.

ಗಂಟು ಬಿಚ್ಚಲಿಲ್ಲ.

ಊರಿಗೆ ಊರೇ ಒಳಗೆ ನುಗ್ಗಿತು.
ಹುಡುಗಿ ನನ್ನ ಸೊಂಟ ತಬ್ಬಿ ಕುಣಿದಳು.
ನನ್ನ ಕಾಲೂ, ಹೇಳಬಾರದು,
ಒಂದು ಸಲ ಕುಣಿಯಿತು.

ಸಂಜೆಯ ಟೆಂಪೊದಲ್ಲಿ ಮಾತಿಲ್ಲ. ಸೆಂಟರ್ ಫಾರ್ವರ್ಡ್
ಯಾರೂ ಕೊಡದ ಪೆನಾಲ್ಟಿಯ ಬಗ್ಗೆ ಗೊಣಗಿ ಗೊಣಗಿ ನಿದ್ದೆ ಹೋದ.
ಸದಾಶಿವಗಡ ಕಳೆದ ಮೇಲೆ ಮಗ ಎದ್ದು ಬಂದು
ಐಸ್ ಪೆಟ್ಟಿಗೆಯ ಅರ್ಧಕ್ಕೆ ಕೂತ. ಮೊಣಕೈ ತರಚಿತ್ತು.
"ಆಯೀ, ಆ ಹುಡುಗಿಗೆ ಅದನ್ನು ಯಾರು ಕಲಿಸಿದ್ದು?"

ಕಾಳಿ ಬಂತು.
ಈ ಸಲ ನಾನು ಹಳೆಯ ಸೇತುವೆ ಇದ್ದ ಕಡೆಗೇ ನೋಡಿದೆ,
ಬಹಳ ಹೊತ್ತು,
ಅಲ್ಲಿ ನೋಡುವಂಥದ್ದು ಏನೋ ಇದೆ ಎಂಬ ಹಾಗೆ.