ಮೊದಲ ಪಾಠ ಉಚಿತ

ಅಂತ ಬರೆಸಿದೆ ಪೋಸ್ಟರಿನಲ್ಲಿ.
ಅಕ್ಕನ ಮಗ ಕೊಟ್ರೇಶ ಮೊಬೈಲಿನಲ್ಲೇ ಮಾಡಿಕೊಟ್ಟ:
ನೇರಳೆ ಬಣ್ಣ, ಮೂಲೆಗೊಂದು ವೀಣೆ.
ನನಗೆ ವೀಣೆ ಬರಲ್ಲ ಕಣೋ, ಅಂದರೆ
ಚಿತ್ರಕ್ಕೆ ಬರುತ್ತೆ ಬಿಡು ಚಿಕ್ಕಮ್ಮ, ಅಂದ.
ಹೆಸರಿನ ಜಾಗಕ್ಕೆ ಬಂದು ತಡೆದ.
ಹಾಲಮ್ಮ ಅಂದ್ರೆ ಮೊಸರು ಮಾರೋರು ಅಂದ್ಕೋತಾರೆ,
ಹಾಲಿನಿ ಅಂತ ಹಾಕಲಾ?
ಹಾಲಮ್ಮ ಅಂತಲೇ ಹಾಕು, ಅಂದೆ.
ಮೊಸರಿಗಾದರೂ ಬರಲಿ ನಾಲ್ಕು ಜನ.

ಮಂಡಕ್ಕಿ ಭಟ್ಟಿಯ ಹಿಂದಿನ ಓಣಿ ನಮ್ಮದು.
ಬೆಳಗಿನ ನಾಲ್ಕಕ್ಕೇ ಗೋಡೆಯಾಚೆ
ಕಾದ ಮರಳಿನಲ್ಲಿ ಅಕ್ಕಿ ಅರಳತೊಡಗುತ್ತದೆ.
ಹಿತ್ತಾಳೆ ಸೇರಿಗೆ ಮೊಬೈಲು ಒರಗಿಸಿ,
ಗೋಡೆಯ ಬಿರುಕಿಗೆ ಮದುವೆ ಸೀರೆ ಇಳಿಬಿಟ್ಟು
ಕೂತೆ.
ಎದೆಯ ತನಕ ವಿದುಷಿ,
ಕೆಳಗೆ ನೈಟಿ.

ಮೊದಲ ವಾರ ಬಂದದ್ದು ಎರಡು ಕರೆ.
ಒಂದು, ಸೈಟು ಬೇಕಾ ಅಂತ.
ಇನ್ನೊಂದು, ಬಸಾಪುರದ ಮದುವೆಗೆ ಬರ್ತೀರಾ,
ಡ್ರಮ್ಮು ನಿಮ್ಮದೇ ತಾನೇ, ಅಂತ.

ಆಮೇಲೆ ಬಂದರು.
ನಿಟ್ಟುವಳ್ಳಿಯ ಬ್ಯಾಂಕಿನಾಕೆ, ಹಿಂದೆ ಕುಕ್ಕರು ಕೂಗಿಸುತ್ತ;
ಅಮ್ಮ ಭುಜ ಒತ್ತಿ ಕೂರಿಸಿದ ಹರಿಹರದ ಹುಡುಗ;
ಜಗಳೂರಿನಿಂದ ಯಾರೋ, ಮುಖ ತೋರಿಸಲೇ ಇಲ್ಲ,
ಕತ್ತಲೊಳಗೆ ಫ್ಯಾನು ತಿರುಗುವ ಸದ್ದಷ್ಟೇ.
ಎಲ್ಲರಿಗೂ ಸ ಹೇಳಿಕೊಟ್ಟೆ.
ಹೊಟ್ಟೆಯಿಂದ, ಅಂದೆ, ಗಂಟಲಿನಿಂದಲ್ಲ.
ಚೆನ್ನಾಗಿತ್ತು ಮೇಡಂ, ಅಂದರು.
ನಾಳೆ ಹೇಳ್ತೀವಿ, ಅಂದರು.

ಹೀಗೆ ಹನ್ನೊಂದು ಜನ.
ಈಗ ಈ ಸೀಮೆಯಲ್ಲಿ ಹನ್ನೊಂದು ಸ
ರಿ ಸಿಗದೆ ತಿರುಗುತ್ತಿವೆ,
ಬಸ್ ಸ್ಟ್ಯಾಂಡಿನಲ್ಲಿ, ಹಿಟ್ಟಿನ ಗಿರಣಿಯ ಸಾಲಿನಲ್ಲಿ.
ಮೊನ್ನೆ ಬೆಣ್ಣೆ ದೋಸೆ ಅಂಗಡಿಯಲ್ಲಿ ಒಬ್ಬಾಕೆ
ನನ್ನ ಕಂಡು ತಲೆ ತಗ್ಗಿಸಿ
ಚಟ್ನಿಯಲ್ಲಿ ಏನೋ ಹುಡುಕತೊಡಗಿದಳು.
ನನ್ನ ಬ್ಯಾಂಕಿನಾಕೆ!
ಕುಕ್ಕರಿಲ್ಲದೆ ಗುರುತು ಸಿಕ್ಕಿರಲಿಲ್ಲ.

ಕೊಟ್ರೇಶನ ಉಪಾಯ: ರೀಲ್ಸ್ ಮಾಡು,
ಇಪ್ಪತ್ತೊಂದು ದಿನದಲ್ಲಿ ಹಾಡುಗಾರರಾಗಿ ಅಂತ ಹಾಕು.
ಕಾಡಜ್ಜಿಯ ನನ್ನ ಗುರುಗಳಿಗೆ ಕಣ್ಣು ಮಂಜು.
ಹೊಸ್ತಿಲಾಚೆ ಚಪ್ಪಲಿ ಬಿಟ್ಟ ಸದ್ದಿಗೇ
ಬಾರವ್ವ, ಇವತ್ತು ಅತ್ತು ಬಂದೀಯ, ಅನ್ನುತ್ತಿದ್ದರು.
ಇಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ.
ಟಣ್ ಅನ್ನುತ್ತದೆ, ಬಂದರು.
ಟಣ್ ಅನ್ನುತ್ತದೆ, ಹೋದರು.

ಇನ್ನೊಂದು ಸಂಗತಿ ತಡವಾಗಿ ತಿಳಿಯಿತು.
ಒಂದೇ ಸಮ ಕೇಳುವುದನ್ನೆಲ್ಲ
ಗದ್ದಲವೆಂದು ಅಳಿಸಿಹಾಕುತ್ತದಂತೆ ಈ ಯಂತ್ರ.
ನನ್ನ ತಂಬೂರಿ ಯಾರಿಗೂ ಕೇಳಿಸಿಯೇ ಇಲ್ಲ!
ಶ್ರುತಿ ನನ್ನ ಓಣಿಯಲ್ಲೇ ಉಳಿದು
ಹನ್ನೊಂದೂ ಜನ
ಗಾಳಿ ಹಿಡಿದುಕೊಂಡು ಹಾಡಿದ್ದರು, ಪಾಪ.

ಹನ್ನೆರಡನೆಯವರು ಚಳ್ಳಕೆರೆಯ ತಿಪ್ಪಯ್ಯ.
ಮೂವತ್ತೊಂದು ವರ್ಷ ಕಂಡಕ್ಟರು.
ರೈಟ್ ರೈಟ್ ಅಂದು ಅಂದು ಸವೆದ ಗಂಟಲು,
ಕಿವಿಗೆ ಒತ್ತಿಕೊಂಡ ಮೊಬೈಲು,
ಪರದೆಯ ತುಂಬ ಬಿಳಿ ಕೂದಲಿನ ಒಂದು ಕಿವಿ.
ನಿಮ್ ಕಡೆ ಮಳೆ ಏನ್ರಿ? ಅಂದರು.
ಅಲ್ಲ, ಮಂಡಕ್ಕಿ, ಅಂದೆ.
ಹಂಗಾದ್ರೆ ಸರಿ.
ಅವರ ಸ ಜಲ್ಲಿ ಹಾಕಿದ ರಸ್ತೆಯಲ್ಲಿ
ಖಾಲಿ ಬಸ್ಸು ಹೋದ ಹಾಗಿತ್ತು.
ಕರೆ ಮುಗಿಸಿ ತಂಬೂರಿಗೆ ಗವಸು ಹಾಕಿಟ್ಟೆ.

ಮರುದಿನ, ಅದೇ ಹೊತ್ತಿಗೆ, ಟಣ್.
ಅದೇ ಕಿವಿ.
ನನಗೇ ಗಾಬರಿ. ಎರಡನೆಯ ಪಾಠ
ಯಾರಿಗೂ ಹೇಳಿದ್ದೇ ಇಲ್ಲವಲ್ಲ.
ಸೆರಗು ಸರಿಮಾಡಿಕೊಂಡು, ಇವತ್ತು ರಿ, ಅಂದೆ.
ಬ್ಯಾಡ್ರಿ ಅಮ್ಮ, ಅಂದರು.
ಸ ಇನ್ನೂ ಸೀಟಿನಾಗ ಕುಂತಿಲ್ಲ,
ನಿಂತ್ಕಂಡೇ ಐತಿ.
ಇದಕ್ಕ ಟಿಕೀಟ್ ಎಷ್ಟು ಹೇಳ್ರಿ.
ಬಿಟ್ಟಿ ಪ್ರಯಾಣ ನಾ ಯಾರಿಗೂ ಬಿಟ್ಟೋನಲ್ಲ.

ಎಷ್ಟೆಂದು ನಾನು ಯೋಚಿಸಿಯೇ ಇರಲಿಲ್ಲ.
ಪೋಸ್ಟರಿನಲ್ಲೂ ಇರಲಿಲ್ಲ.
ಮೊದಲು ಹಾಡಿ, ಅಂದೆ.
ತಂಬೂರಿ ಬದಿಗಿಟ್ಟು ನಾನೇ ಸ ಹಿಡಿದೆ, ಆಮೇಲೆ ಸುಮ್ಮನಾದೆ.
ಅರ್ಧ ಕ್ಷಣ ಏನೂ ಇಲ್ಲ.
ಆಮೇಲೆ ಚಳ್ಳಕೆರೆಯಿಂದ ಬಂತು,
ಕೂದಲೆಳೆಯಷ್ಟು ಕೆಳಗೆ, ಮರಳು ಮರಳಾಗಿ.
ಗೋಡೆಯಾಚೆ ಹೊಸದೊಂದು ಸೇರು ಅಕ್ಕಿ ಸುರಿದರು.
ಇನ್ನೊಮ್ಮೆ, ಅಂದೆ.